ಬೊಲಿವಿಯಾದ ರಾಜಧಾನಿ ಮತ್ತು ನೌಕಾಪಡೆಯ ಕುರಿತು
ಬೊಲಿವಿಯಾದ ರಾಜಧಾನಿ ಸುಕ್ರೆಯೋ ಲಾ ಪಾಸೋ, ಕಡಲಿಲ್ಲದ ಆ ದೇಶಕ್ಕೆ ನೌಕಾಪಡೆ ಏಕೆ ಎಂದು ಕೇಳಿದ್ದೀರಿ. ಸಂವಿಧಾನದ ಪ್ರಕಾರ ರಾಜಧಾನಿ ಸುಕ್ರೆ. ಸರ್ವೋಚ್ಚ ನ್ಯಾಯಾಲಯವಿರುವುದೂ ಅಲ್ಲಿಯೇ. ಆದರೆ ಪೊಟೊಸಿಯ ಬೆಳ್ಳಿಯನ್ನು ನೆಚ್ಚಿದ್ದ ಸುಕ್ರೆಯ ಶ್ರೀಮಂತರ ಪ್ರಭಾವ ಕುಗ್ಗಿ, ತವರದ ಗಣಿಗಳಿಂದ ಲಾ ಪಾಸ್ ಬಲಗೊಂಡ ಕಾಲದಲ್ಲಿ, 1898-99ರ ಅಂತರ್ಯುದ್ಧದ ನಂತರ ಸರ್ಕಾರ ಮತ್ತು ಸಂಸತ್ತು ಲಾ ಪಾಸ್‌ಗೆ ಹೋದವು.

ಲಾ ಪಾಸ್ ಬಾಣಲೆಯಂತಹ ಕಣಿವೆಯಲ್ಲಿದೆ. ಅದರ ಅಂಚಿನಲ್ಲಿ, 4,000 ಮೀಟರಿಗೂ ಎತ್ತರದಲ್ಲಿ ಎಲ್ ಆಲ್ಟೊ ನಗರವಿದ್ದು, 2014ರಿಂದ ಕೇಬಲ್ ಕಾರುಗಳು ಎರಡನ್ನೂ ಬೆಸೆದಿವೆ. ಬೆಟ್ಟದ ಮೇಲಿನ ಮನೆಗೆ ಬೆಲೆ ಹೆಚ್ಚೆಂಬ ನಮ್ಮ ಎಣಿಕೆ ಅಲ್ಲಿ ತಲೆಕೆಳಗು: ಕೆಳಗಿಳಿದಂತೆ ಚಳಿ ತಗ್ಗಿ ಉಸಿರಾಟ ಹಗುರಾಗುವುದರಿಂದ ಸ್ಥಿತಿವಂತರು ತಗ್ಗಿನಲ್ಲೇ ನೆಲೆಸುತ್ತಾರೆ.

ಇನ್ನು ನೌಕಾಪಡೆ. 1879ರಲ್ಲಿ ಆರಂಭವಾದ ಯುದ್ಧದಲ್ಲಿ ಆಂಟೊಫಗಾಸ್ಟ ಸೇರಿದಂತೆ ಇಡೀ ಕರಾವಳಿ ಚಿಲಿಯ ಪಾಲಾಯಿತು. 1904ರ ಒಪ್ಪಂದ ಅದನ್ನು ಕಾಯಂಗೊಳಿಸಿತು. ಈಗ ನೌಕಾಪಡೆ ಟಿಟಿಕಾಕಾ ಸರೋವರದಲ್ಲೂ ಅಮೆಜಾನಿನ ಉಪನದಿಗಳಲ್ಲೂ ಗಸ್ತು ತಿರುಗುತ್ತದೆ. ಕಡಲಿಗೆ ದಾರಿ ಕೊಡುವ ಕುರಿತು ಮಾತುಕತೆ ನಡೆಸಲು ಚಿಲಿ ಬದ್ಧವಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2018ರಲ್ಲಿ ತೀರ್ಪಿತ್ತರೂ, ಮಾರ್ಚ್ 23ರಂದು ಬೊಲಿವಿಯನ್ನರು ಇಂದಿಗೂ ಸಮುದ್ರ ದಿನವನ್ನು ಆಚರಿಸುತ್ತಾರೆ.