ಭಾನುವಾರದ ಆರಾಧನೆಯ ನೆಮ್ಮದಿ ಬುಧವಾರಕ್ಕೇ ಕರಗುವುದು ಯಾಕೆ?

ನೆಮ್ಮದಿಯನ್ನು ಭಾವನೆಯಲ್ಲಿ ಹುಡುಕುವುದರಿಂದ. ಉಳಿಯುವ ತೃಪ್ತಿ ಬರುವುದು ಕ್ರಿಸ್ತನಲ್ಲಿ ನೆಲೆಸಿರುವುದರಿಂದ. ಬೈಬಲ್‌ನ ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಾನು ದ್ರಾಕ್ಷಿಬಳ್ಳಿ, ನೀವು ಕೊಂಬೆಗಳು ಅನ್ನುತ್ತಾರೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದಡಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕತ್ತರಿ ಹಾಕಿದ ಕೊಂಬೆಯ ಎಲೆ ಸ್ವಲ್ಪ ಹೊತ್ತು ಹಸಿರಾಗೇ ಕಾಣುತ್ತದೆ, ಆದರೆ ಒಳಗೆ ರಸ ಹರಿಯುವುದು ನಿಂತುಹೋಗಿರುತ್ತದೆ. ವಾರಕ್ಕೊಮ್ಮೆ ಮಾತ್ರ ಪ್ರಾರ್ಥಿಸುವವರ ನೆಮ್ಮದಿಯೂ ಹಾಗೆ.

ದಿನಾ ಬೆಳಿಗ್ಗೆ ಫೋನ್ ಮುಟ್ಟುವ ಮೊದಲು 15 ನಿಮಿಷ ಕೂರಿ. ಸುವಾರ್ತೆಯ ಹತ್ತು ವಚನ ನಿಧಾನವಾಗಿ ಓದಿ, ಮನಸ್ಸಿಗೆ ತಾಗಿದ ಒಂದನ್ನು ಹಿಡಿದು ಪ್ರಾರ್ಥಿಸಿ, ಎರಡು ನಿಮಿಷ ಸುಮ್ಮನಿರಿ. ಶುರುವಿನಲ್ಲೇ ಒಂದು ಗಂಟೆ ಅಂತ ಹೊರಟವರು ಬೇಗ ಬಿಟ್ಟುಬಿಡುತ್ತಾರೆ. ಏನೂ ಅನಿಸದ ದಿನವೂ ತಪ್ಪಿಸಬೇಡಿ. ಅಷ್ಟಾದರೂ ಒಳಗೆ ಒಣಗಿದಂತಿದ್ದರೆ, ಯಾರ ಮೇಲಾದರೂ ಹಗೆ ಉಳಿದಿದೆಯೇ ನೋಡಿ. ಮತ್ತಾಯನ ಸುವಾರ್ತೆ 5:24ರ ಪ್ರಕಾರ ದೇವರಿಗೆ ಕಾಣಿಕೆ ಅರ್ಪಿಸುವುದಕ್ಕಿಂತ ಮೊದಲು ಅವರೊಂದಿಗೆ ರಾಜಿಯಾಗಬೇಕು.