ಓದುಗರ ಪ್ರಶ್ನೆ: ಸೆಕೆಂಡ್ ಹ್ಯಾಂಡ್ ವೇಗದ ಕಾರು ಮತ್ತು ಸವಕಳಿಯ ಲೆಕ್ಕ

ಪ್ರಶ್ನೆ: ನಾನು ಧಾರವಾಡದವನು. ಹಿಂಜವಡಿಯಲ್ಲಿ ಉದ್ಯೋಗದಲ್ಲಿದ್ದು ಪುಣೆಯ ವಾಕಡ್‌ನಲ್ಲಿ ವಾಸವಾಗಿದ್ದೇನೆ. ಈಗಿನ ಐ20 ಮಾರಿ, ಓಡಿಸಲು ಖುಷಿ ಕೊಡುವ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. 58,000 ಕಿ.ಮೀ. ಓಡಿರುವ, ಎಂಎಚ್ 14 (ಪಿಂಪ್ರಿ-ಚಿಂಚವಾಡ) ನೋಂದಣಿಯ 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ಗೆ 18.5 ಲಕ್ಷ ರೂಪಾಯಿ ಹೇಳುತ್ತಿದ್ದಾರೆ. 41,000 ಕಿ.ಮೀ. ಓಡಿರುವ, ದೆಹಲಿ ನೋಂದಣಿಯ 2018ರ ಬಿಎಂಡಬ್ಲ್ಯು 330ಐ ಕಾರಿಗೆ 18 ಲಕ್ಷ. ಹೊಸದಾಗಿದ್ದಾಗ ಬಿಎಂಡಬ್ಲ್ಯು ಬೆಲೆ 40 ಲಕ್ಷಕ್ಕೂ ಮೇಲಿತ್ತು. ಹಾಗಿದ್ದರೆ ಅದೇ ಲಾಭವಲ್ಲವೇ? ವರ್ಷಕ್ಕೆ ಸುಮಾರು 12,000 ಕಿ.ಮೀ. ಓಡಿಸುತ್ತೇನೆ, ಮೂರು ವರ್ಷ ಇಟ್ಟುಕೊಳ್ಳುವ ಯೋಚನೆಯಿದೆ.
— ಓದುಗರೊಬ್ಬರು, ಪುಣೆ

ಉತ್ತರ: ಬಿಎಂಡಬ್ಲ್ಯು ಬೆಲೆಯಲ್ಲಿ ಕರಗಿಹೋದ ಇಪ್ಪತ್ತಕ್ಕೂ ಹೆಚ್ಚು ಲಕ್ಷ ರೂಪಾಯಿ ಹಿಂದಿನ ಮಾಲೀಕರ ನಷ್ಟ, ಅದು ನಿಮ್ಮ ಲಾಭವಾಗಿ ಬದಲಾಗಬೇಕೆಂದೇನೂ ಇಲ್ಲ. ಕಾರಿನ ಬೆಲೆ 18 ಲಕ್ಷಕ್ಕೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಮತ್ತು ಸರ್ವಿಸ್ ಸೆಂಟರಿನ ಕೂಲಿ 40 ಲಕ್ಷದ ಕಾರಿನ ಮಟ್ಟದಲ್ಲೇ ಇರುತ್ತವೆ. ಆದ್ದರಿಂದ ಮೂರು ವರ್ಷಗಳಲ್ಲಿ ನಿಮ್ಮ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಎಂಬುದನ್ನಷ್ಟೇ ಲೆಕ್ಕ ಹಾಕಿ.

ಪೆಟ್ರೋಲಿನ ವಿಷಯವನ್ನು ಬೇಗ ಮುಗಿಸಬಹುದು. ಎರಡರದ್ದೂ 2 ಲೀಟರಿನ ಟರ್ಬೊ ಎಂಜಿನ್. ಹಿಂಜವಡಿಯ ದಟ್ಟಣೆಯಲ್ಲಿ ಲೀಟರಿಗೆ 8 ಕಿ.ಮೀ., ಧಾರವಾಡದ ಹೆದ್ದಾರಿಯಲ್ಲಿ 13 ಕಿ.ಮೀ. ಎಂದು ಹಿಡಿದು, ಮೂರನೇ ಎರಡು ಭಾಗ ಓಡಾಟ ನಗರದೊಳಗೇ ಎಂದುಕೊಂಡರೆ, ವರ್ಷಕ್ಕೆ ಸುಮಾರು 1,300 ಲೀಟರ್ ಬೇಕು. ಲೀಟರಿಗೆ 105 ರೂಪಾಯಿಯಂತೆ ಅದು 1.37 ಲಕ್ಷವಾಗುತ್ತದೆ. ಎರಡು ಕಾರುಗಳ ನಡುವೆ ಇದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೈಲೇಜಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದರೆ ಇಂಥ ಆಯ್ಕೆಯಲ್ಲಿ ತೀರ್ಮಾನ ಅಲ್ಲಿ ಆಗುವುದಿಲ್ಲ.

ಸವಕಳಿಯಲ್ಲಿ, ಅಂದರೆ ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುವುದರಲ್ಲಿ, ಮಾತ್ರ ದಾರಿಗಳು ಬೇರೆಯಾಗುತ್ತವೆ. ವಿಆರ್‌ಎಸ್ 2017ರಲ್ಲಿ 24.62 ಲಕ್ಷದ ಶೋರೂಂ ಬೆಲೆಯಲ್ಲಿ, ಸೀಮಿತ ಸಂಖ್ಯೆಯಲ್ಲಿ ಬಂದ ಕಾರು. ಇಷ್ಟು ವರ್ಷಗಳ ನಂತರವೂ 18.5 ಲಕ್ಷ ಕೇಳುವ ಧೈರ್ಯ ಮಾರುವವರಿಗೆ ಇದೆಯೆಂದರೆ, ಅದನ್ನೇ ಹುಡುಕಿಕೊಂಡು ಬರುವ ಗಿರಾಕಿಗಳಿದ್ದಾರೆ ಎಂದರ್ಥ. 2025ರ ಅಕ್ಟೋಬರ್‌ನಲ್ಲಿ ಇದರ ಹೊಸ ಪೀಳಿಗೆಯಾದ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷಕ್ಕೆ, ಕೇವಲ 100 ಕಾರುಗಳ ಲೆಕ್ಕದಲ್ಲಿ ಬಂದದ್ದು ಹಳೆಯದರ ಬೆಲೆಗೆ ಇನ್ನಷ್ಟು ಆಸರೆಯಾಗಿದೆ. 330ಐ ಒಳ್ಳೆಯ ಕಾರೇ. ಆದರೆ ಹತ್ತು ವರ್ಷ ಸಮೀಪಿಸಿದ ಜರ್ಮನ್ ಐಷಾರಾಮಿ ಕಾರನ್ನು ಕೊಳ್ಳುವವರು ರಿಪೇರಿಯ ಭಯಕ್ಕೂ ಸೇರಿಸಿ ಬೆಲೆ ಕಡಿಮೆ ಮಾಡಿಸುತ್ತಾರೆ. ನನ್ನ ಅಂದಾಜಿನಲ್ಲಿ ಮೂರು ವರ್ಷಗಳ ನಂತರ ವಿಆರ್‌ಎಸ್ 14 ಲಕ್ಷದ ಆಸುಪಾಸಿನಲ್ಲೂ 330ಐ 12 ಲಕ್ಷದ ಆಸುಪಾಸಿನಲ್ಲೂ ನಿಲ್ಲಬಹುದು. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಒಟ್ಟು ತೆರಿಗೆ ಶೇ. 40ಕ್ಕೆ ಇಳಿದು ಹೊಸ ಕಾರುಗಳೇ ಅಗ್ಗವಾಗಿವೆ. ಅದಕ್ಕೂ ಮೊದಲಿನ ದರಗಳನ್ನು ತೋರಿಸಿ ಯಾರಾದರೂ ಬೆಲೆ ಹೇಳಿದರೆ ಒಪ್ಪಬೇಡಿ.

ಹೆಚ್ಚಿನವರು ಮರೆಯುವುದು ವಿಮೆಯನ್ನು. 1,500 ಸಿಸಿ ಮೀರಿದ ಕಾರಿನ ಥರ್ಡ್ ಪಾರ್ಟಿ ಕಂತು 7,897 ರೂಪಾಯಿ. ಅದು ದೊಡ್ಡ ಮೊತ್ತವಲ್ಲ. ಐದು ವರ್ಷ ದಾಟಿದ ಕಾರಿಗೆ ಜೀರೊ ಡೆಪ್ರಿಸಿಯೇಶನ್ ವಿಮೆ (ಬದಲಿಸುವ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ವಿಮೆ) ಸುಲಭವಾಗಿ ಸಿಗದಿರುವುದೇ ನಿಜವಾದ ತೊಡಕು. ಅದಿಲ್ಲದಿದ್ದರೆ ಅಪಘಾತದ ರಿಪೇರಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯ ಅರ್ಧದಷ್ಟನ್ನೂ, ಐದರಿಂದ ಹತ್ತು ವರ್ಷದ ಕಾರಾದರೆ ಲೋಹದ ಭಾಗಗಳ ಬೆಲೆಯ ಶೇ. 40ರಷ್ಟನ್ನೂ ನೀವೇ ಕೊಡಬೇಕಾಗುತ್ತದೆ. ವಾಕಡ್‌ನ ಮೇಲ್ಸೇತುವೆಯ ಕೆಳಗೆ ಹಿಂದಿನಿಂದ ಬಂದ ರಿಕ್ಷಾ ಬಂಪರಿಗೆ ತಗುಲಿದರೂ ಈ ಲೆಕ್ಕ ಅನ್ವಯಿಸುತ್ತದೆ. ಬಿಎಂಡಬ್ಲ್ಯುವಿನ ಒಂದು ಎಲ್‌ಇಡಿ ಹೆಡ್‌ಲ್ಯಾಂಪಿನ ಬೆಲೆಯೇ ಲಕ್ಷ ದಾಟುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ನಿಮ್ಮ ಐ20ಯದನ್ನು ಮಾತ್ರ ಹೊಸ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಮರೆಯಬೇಡಿ.

ಯಂತ್ರಭಾಗದ ಮಟ್ಟಿಗೆ ಎರಡರಲ್ಲೂ ಗೇರ್‌ಬಾಕ್ಸ್ ಮುಖ್ಯ. ವಿಆರ್‌ಎಸ್‌ನ ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನದು. ಪ್ರತಿ 60,000 ಕಿ.ಮೀ.ಗೆ ಅದರ ಎಣ್ಣೆ ಬದಲಿಸಬೇಕು. ನೀವು ನೋಡಿದ ಕಾರಿಗೆ ಆ ಖರ್ಚು ಎದುರಿಗೇ ಇದೆಯಾದ್ದರಿಂದ ಅದನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಬಿಎಂಡಬ್ಲ್ಯುವಿನ ಎಂಟು ಗೇರಿನ ಪೆಟ್ಟಿಗೆಗೆ ಎಣ್ಣೆ ಬದಲಾವಣೆ ಬೇಕಿಲ್ಲವೆಂದು ಮಾರುವವರು ಹೇಳಬಹುದು. ಅದನ್ನು ತಯಾರಿಸುವ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಲು ಸಲಹೆ ಕೊಡುತ್ತದೆ. ನಿಮ್ಮ ಮೂರು ವರ್ಷಗಳು ಮುಗಿಯುವ ವೇಳೆಗೆ ಅದೂ ಹತ್ತಿರವಾಗಿರುತ್ತದೆ. ಬಿಎಂಡಬ್ಲ್ಯುವಿನ ರನ್‌ಫ್ಲಾಟ್ ಟೈರುಗಳ (ಪಂಕ್ಚರಾದರೂ ಸ್ವಲ್ಪ ದೂರ ಓಡುವ ಟೈರುಗಳ) ತಯಾರಿಕೆಯ ದಿನಾಂಕವನ್ನೂ ನೋಡಿ. ನಾಲ್ಕನ್ನೂ ಒಮ್ಮೆಗೇ ಬದಲಿಸಬೇಕಾದರೆ ಅದೊಂದು ಸಣ್ಣ ಖರ್ಚಲ್ಲ.

ಕೊನೆಯದಾಗಿ ದೆಹಲಿಯ ನೋಂದಣಿ. ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೂಲ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಮರುನೋಂದಣಿ ಮಾಡಿಸಲೇಬೇಕು. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿನ ಆಜೀವ ತೆರಿಗೆ ಶೇ. 13. ಅದನ್ನು ನೀವು ಕೊಟ್ಟ 18 ಲಕ್ಷದ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ಕಡಿತದೊಂದಿಗೆ ಲೆಕ್ಕ ಹಾಕುತ್ತಾರೆ. ದೆಹಲಿಯಲ್ಲಿ ಕಟ್ಟಿದ ತೆರಿಗೆಯ ಮರುಪಾವತಿಗೆ ಅರ್ಜಿ ಹಾಕಬಹುದು, ಆದರೆ ಆ ಹಣವನ್ನು ನಂಬಿಕೊಂಡು ಬಜೆಟ್ ಮಾಡಬೇಡಿ. ಹೀಗೆ 18 ಲಕ್ಷದ ಬಿಎಂಡಬ್ಲ್ಯು ಪುಣೆಯ ರಸ್ತೆಗಿಳಿಯುವ ಹೊತ್ತಿಗೆ 20 ಲಕ್ಷ ದಾಟುತ್ತದೆ. ಸವಕಳಿ ಎಂಟು ಲಕ್ಷದ ಹತ್ತಿರ ಹೋಗುತ್ತದೆ. ವಿಆರ್‌ಎಸ್‌ನಲ್ಲಿ ಅದು ನಾಲ್ಕೂವರೆ ಲಕ್ಷ.

ನನ್ನ ಸಲಹೆ ವಿಆರ್‌ಎಸ್, ಆದರೆ ಷರತ್ತಿದೆ. ಈ ಕಾರುಗಳಲ್ಲಿ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡವರು ಕಡಿಮೆಯಿಲ್ಲ, ಮಾರುವ ಮುನ್ನ ಅದನ್ನು ಮೊದಲಿನಂತೆ ಮಾಡಿಸಿಕೊಳ್ಳುವುದೂ ಉಂಟು. ಸರ್ವಿಸ್ ದಾಖಲೆ ಪೂರ್ತಿ ತೋರಿಸದಿದ್ದರೆ, ಅಥವಾ ನಿಮ್ಮ ಆಯ್ಕೆಯ ಮೆಕ್ಯಾನಿಕ್ ಗೇರ್‌ಬಾಕ್ಸ್ ಪರೀಕ್ಷಿಸಲು ಒಪ್ಪದಿದ್ದರೆ, ಮುಂಗಡ ಕೊಡದೆ ಇನ್ನೊಂದು ವಿಆರ್‌ಎಸ್‌ಗೆ ಕಾಯಿರಿ.