ಶೇಡರ್‌ನಲ್ಲಿ ಇಫ್ ಹಾಕಿದರೂ ವೇಗ ಯಾಕೆ ಹೆಚ್ಚಾಗಲಿಲ್ಲ?

ಶೇಡರ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂನಲ್ಲಿ, ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಪಿಕ್ಸೆಲ್‌ಗೆ ಮಾತ್ರ ಭಾರದ ಲೆಕ್ಕ ಮಾಡಿಸಿದೆ, ಉಳಿದದ್ದಕ್ಕೆ ಇಫ್ (ಷರತ್ತು) ಹಾಕಿ ತಪ್ಪಿಸಿದೆ, ಆದರೂ ಫ್ರೇಮ್ ಸಮಯ (ಒಂದು ಚಿತ್ರ ಬಿಡಿಸಲು ಹಿಡಿಯುವ ಸಮಯ) ಇಳಿಯಲಿಲ್ಲ ಅಂತ ಕೇಳಿದ್ದೀರಿ. ನಾನೂ ಇದೇ ಹಳ್ಳಕ್ಕೆ ಬಿದ್ದವನು. ಎರಡು ದಿನ ಸುಮ್ನೆ ಡ್ರೈವರನ್ನು ಬೈದಿದ್ದೆ.

1920x1080 ಪರದೆಯಲ್ಲಿ 20,73,600 ಪಿಕ್ಸೆಲ್ ಇವೆ. ಒಂದೊಂದಕ್ಕೂ ಶೇಡರ್ ಬೇರೆಬೇರೆಯಾಗಿ ಓಡುತ್ತದೆ ಅಂತ ನಮಗೆ ಕಾಣುತ್ತದೆ, ಆದರೆ ಗ್ರಾಫಿಕ್ಸ್ ಚಿಪ್ ಒಳಗೆ ಹಾಗಿಲ್ಲ. ಎನ್‌ವಿಡಿಯಾದಲ್ಲಿ 32 ಪಿಕ್ಸೆಲ್ ಸೇರಿ ಒಂದು ಗುಂಪು, ಹೆಸರು ವಾರ್ಪ್. ಎಎಂಡಿಯ ಜಿಸಿಎನ್ ಚಿಪ್‌ಗಳಲ್ಲಿ 64, ಅಲ್ಲಿ ವೇವ್‌ಫ್ರಂಟ್ ಅನ್ನುತ್ತಾರೆ. ಇಡೀ ಗುಂಪಿಗೆ ಒಂದು ಸಲಕ್ಕೆ ಒಂದೇ ಆದೇಶ.

ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಪಾಯಸ ಬಂದರೆ ಬಡಿಸುವವರು ಸಾಲಿನ ಕೊನೆಯವರೆಗೂ ಹೋಗಲೇಬೇಕು. ಸಕ್ಕರೆ ಕಾಯಿಲೆಯವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಆದರೆ ಎದ್ದು ಹೋಗುವ ಹಾಗಿಲ್ಲ ಅಲ್ವಾ? ವಾರ್ಪ್‌ನಲ್ಲೂ ಅಷ್ಟೇ. ಒಂದೇ ಒಂದು ಪಿಕ್ಸೆಲ್‌ಗೆ ಭಾರದ ಲೆಕ್ಕ ಬೇಕಿದ್ದರೂ ಉಳಿದ 31 ಕೈ ಅಡ್ಡ ಹಿಡಿದು ಕಾಯುತ್ತವೆ. ನಿಮ್ಮ ಮಣೆಯಲ್ಲಿ ಪ್ರತಿ ಗುಂಪಿನಲ್ಲೂ ಅರ್ಧಕ್ಕರ್ಧ ಪಿಕ್ಸೆಲ್‌ಗೆ ಅದು ಬೇಕು. ಹಾಗಾಗಿ ಎಲ್ಲ ಗುಂಪೂ ಪೂರ್ತಿ ಸಮಯ ತಿನ್ನುತ್ತವೆ.

ಡಿಸ್ಕಾರ್ಡ್ (ಈ ಪಿಕ್ಸೆಲ್ ಬೇಡ ಅನ್ನುವ ಆದೇಶ) ಹಾಕಿದರೂ ತಪ್ಪಿಸಿಕೊಳ್ಳಲಾಗದು. ಪಿಕ್ಸೆಲ್‌ಗಳು ಯಾವಾಗಲೂ 2x2ರ ಚೌಕಗಳಲ್ಲೇ ಓಡುತ್ತವೆ. ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಓದುವಾಗ ಅದರ ಯಾವ ಮಿಪ್‌ಮ್ಯಾಪ್ ಹಂತ, ಅಂದರೆ ಎಷ್ಟು ಚಿಕ್ಕದು ಮಾಡಿಟ್ಟ ಪ್ರತಿ, ಓದಬೇಕು ಅಂತ ತಿಳಿಯಲು ಪಕ್ಕದ ಪಿಕ್ಸೆಲ್‌ನ ಟೆಕ್ಸ್ಚರ್ ವಿಳಾಸದಿಂದ ತನ್ನದನ್ನು ಕಳೆದು ನೋಡಬೇಕಲ್ಲ, ಅದಕ್ಕೆ. ತ್ರಿಕೋನ ಒಂದೇ ಪಿಕ್ಸೆಲ್ ಮುಟ್ಟಿದರೂ ಇನ್ನು ಮೂರು ಜೊತೆಗೆ ದುಡಿಯುತ್ತವೆ, ಅವುಗಳ ಬಣ್ಣ ಕಸದಬುಟ್ಟಿಗೆ. ಸಣ್ಣ ಸಣ್ಣ ತ್ರಿಕೋನಗಳ ಮಾಡೆಲ್ ನಿಧಾನವಾಗಲು ಇದೂ ಒಂದು ಕಾರಣ. (ಅಂದಹಾಗೆ, ಇಂಥ ಇಫ್ ಒಳಗೆ ಟೆಕ್ಸ್ಚರ್ ಓದುತ್ತಿದ್ದರೆ ಮಿಪ್ ಹಂತವನ್ನು ನೀವೇ ಕೊಡಿ. ಇಲ್ಲದಿದ್ದರೆ ಅಂಚಿನಲ್ಲಿ ವಿಚಿತ್ರ ಚುಕ್ಕೆಗಳು ಬರಬಹುದು.)

ನಂಬಿಕೆ ಬರದಿದ್ದರೆ ಮಣೆಯ ಮನೆಗಳನ್ನು 64x64 ಪಿಕ್ಸೆಲ್‌ನಷ್ಟು ದೊಡ್ಡದು ಮಾಡಿ ನೋಡಿ. ಕೆಲಸ ಮಾಡುವ ಪಿಕ್ಸೆಲ್ ಆಗಲೂ ಅರ್ಧವೇ. ಆದರೆ ನನ್ನ ಶೇಡರ್‌ನಲ್ಲಿ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಯಾಕೆಂದರೆ ಬಹಳಷ್ಟು ಗುಂಪುಗಳು ಪೂರ್ತಿಯಾಗಿ ಒಂದೇ ಮನೆಯೊಳಗೆ ಬಿದ್ದವು.

ಪ್ರಯೋಗಕ್ಕೆ ಸರಿ, ಚಿತ್ರಕ್ಕೆ ಇದು ಆಗುವುದಿಲ್ಲ. ಆ ಭಾರದ ಲೆಕ್ಕವನ್ನು ಅರ್ಧ ಅಗಲ, ಅರ್ಧ ಎತ್ತರದ ಬೇರೆ ಬಫರ್‌ನಲ್ಲಿ (ಚಿತ್ರ ಇಡುವ ಮೆಮೊರಿ ಜಾಗ) ಮಾಡಿ, ಆಮೇಲೆ ಹಿಗ್ಗಿಸಿ. ನಾನು ಕೊನೆಗೆ ಮಾಡಿದ್ದು ಅದನ್ನೇ. ಉಳಿದ ಇಫ್‌ಗಳನ್ನೆಲ್ಲ ಹೆದರಿ ಕಿತ್ತುಹಾಕಬೇಡಿ. ಯೂನಿಫಾರ್ಮ್ ಬೆಲೆ (ಎಲ್ಲ ಪಿಕ್ಸೆಲ್‌ಗೂ ಒಂದೇ ಆಗಿರುವ ಮೌಲ್ಯ) ನೋಡಿ ಕವಲೊಡೆಯುವ ಇಫ್‌ನಲ್ಲಿ ಇಡೀ ಗುಂಪು ಒಂದೇ ದಾರಿ ಹಿಡಿಯುತ್ತದೆ, ಅಲ್ಲಿ ಈ ತೊಂದರೆ ಇಲ್ಲ.